ಕ್ಲಚ್ಚಿನ ಕಾಲು

ಚಪ್ಪಲಿ ಬಿದ್ದದ್ದು ನನಗ ಗೊತ್ತಾಗಲಿಲ್ಲ.
ಅಕ್ಕಲಕೋಟ ಎಸ್ಟಿ ಸ್ಟ್ಯಾಂಡಿನಿಂದ ತಹಶೀಲ ಕಚೇರಿ ತನಕ
ಒಂದು ಕಾಲಿಗೆ ಮೆಟ್ಟು, ಇನ್ನೊಂದಕ್ಕ ಬರೇ ಡಾಂಬರು,
ಹಂಗ ನಡದು ಹೋಗೀನಿ.
ಬಾಳಿಹಣ್ಣಿನ ಗಾಡಿ ಹುಡುಗ ಹಿಂದಿಂದ ಕೂಗಿದ:
"ಕಾಕಾ, ನಿಮ್ಮ ಚಪ್ಪಲ್!"
ಬಗ್ಗಿ ನೋಡಿದೆ. ಹೌದು, ನಂದ ಕಾಲು.
ಮೇ ತಿಂಗಳದ ಮಧ್ಯಾಹ್ನ.
ಸುಟ್ಟ ಸುದ್ದಿ ಬಂದದ್ದು ಸಂಜಿಗೆ,
ಗುಳ್ಳಿ ಎದ್ದ ಮ್ಯಾಲ.

ಇಪ್ಪತ್ತೊಂದು ವರ್ಷ ಈ ಎಡಗಾಲು
ಕ್ಲಚ್ಚಿನ ಮ್ಯಾಲ ಇತ್ತು.
ದುಧನಿ, ವಾಗದರಿ, ಸೋಲಾಪುರ,
ಎಲ್ಲಿ ಒತ್ತಬೇಕು, ಎಷ್ಟು ಬಿಡಬೇಕು
ತಲಿಗಿಂತ ಮೊದಲ ಅಂಗಾಲಿಗೆ ತಿಳೀತಿತ್ತು.
ಡ್ಯೂಟಿ ಮುಗದ ಮ್ಯಾಲ ಬಾಟ್ಲಿ.
ಆಮ್ಯಾಲ ಡ್ಯೂಟಿ ಮುಗಿಯೂದಕ್ಕ ಮೊದಲ.
ಹಿಡದದ್ದು ಯಾವಾಗೋ ನೆನಪಿಲ್ಲ.
ಬಿಟ್ಟದ್ದು ನೆನಪದ: ಪಂಚಮಿ ಮರುದಿನ,
ಸಿವಿಲ್ ಆಸ್ಪತ್ರಿ, ಹದಿನಾಕನೇ ಖಾಟು.

ಡಾಕ್ಟರ ಬಾಯಿ ಸಣ್ಣ ವಯಸ್ಸಿನಾಕಿ.
"ಕಣ್ಣ ಮುಚ್ಚರಿ. ಚುಚ್ಚಿದಾಗ ಹೂಂ ಅನ್ನರಿ."
ಮುಚ್ಚಿಕೊಂಡು ಕುಂತೆ. ಕಾಯ್ಕೋತ ಕುಂತೆ.
ಸುರು ಮಾಡರಿ ಬಾಯಿ, ಅಂದೆ.
ಆಕಿ ಪಿನ್ನು ಡಬ್ಬಿಗಿ ಹಾಕಿ
ಮುಚ್ಚಳ ತಿರುವಲಿಕ್ಕೆ ಹತ್ತಿದ್ದಳು.

ಹಗಲೆಲ್ಲಾ ಸತ್ತಾಂಗ ಇರೂ ಕಾಲಿಗೆ
ರಾತ್ರಿ ಹನ್ನೊಂದಕ್ಕ ಎಚ್ಚರ ಆಗತದ.
ಬಿಸಿ ಸೂಜಿ. ಒಳಗ ಕೆಂಪಿರುವಿ ಸಾಲು.
ಇಲ್ಲಿಯದ ಚಾದರ, ಹೂವಿಂದು, ಮಗಳ ಮದುವಿದು,
ಅದರ ಅಂಚು ತಾಗಿದ್ರೂ ಜೀವ ಹೋಗತದ.
ಶಾಂತವ್ವ ಹಸಿ ಟಾವೆಲ್ ತರತಾಳ.
"ಮುಟ್ಟಿದ್ರ ತಿಳಿಯೂದಿಲ್ಲ ಅಂತಿ,
ಮುಟ್ಟಬ್ಯಾಡ ಅಂತ ಒದರತಿ.
ಎರಡರಾಗ ಯಾವದು ಖರೇ?"
ಎರಡೂ, ಅಂತೀನಿ. ಆಕಿ ನಂಬೂದಿಲ್ಲ.
ನಾನು ಖರೇ ಹೇಳಿದ್ದು ನಂಬೂ ರೂಢಿ
ಆಕಿಗೆಲ್ಲಿ ಬರಬೇಕು?

ಕುಡೀತಿದ್ದಾಗ ಗೆರಿ ಎಳದಾಂಗ ನಡೀತಿದ್ದೆ.
ಬಿಟ್ಟ ಮ್ಯಾಲ ಗ್ವಾಡಿ ಹಿಡೀತೀನಿ.
ಮಾರಿ ತೊಳಿಯೂದಕ್ಕ ಕಣ್ಣ ಮುಚ್ಚಿದ್ರ
ಕೆಳಗ ನೆಲ ಇರೂದಿಲ್ಲ;
ಒಂದು ಕೈ ಸಾಬೂನಿಗೆ, ಒಂದು ಕೈ ನಳಕ್ಕ.
ತಂಗಿ ಮಗನ ನಿಶ್ಚಯದಾಗ ಬೀಗರು
ಮಾತಾಡಸೂ ನೆವದಿಂದ ಸನೇಕ ಬಂದು
ಮೂಗಿನಿಂದ ಉಸಿರು ಎಳಕೊಂಡ್ರು.
"ಸಕ್ಕರಿ ರೋಗರಿ," ಅಂದೆ.
ಸಕ್ಕರಿ ಅಂದಕೂಡ್ಲೆ ಕುರ್ಚಿ ಬಂತು.
ಆ ಸುಳ್ಳಿಗಾಗಿ ಇವತ್ತಿಗೂ
ಮೂರು ಮನ್ಯಾಗ ಸಪ್ಪನ ಚಾ ಕುಡೀತೀನಿ.

ಮಲಗೂ ಮೊದಲ ದಿನಾ
ಶಾಂತವ್ವ ಬ್ಯಾಟರಿ ಹಚ್ಚಿ ಅಂಗಾಲು ಓದತಾಳ,
ಸಾಲಿ ಕಲೀದಾಕಿ.
ಒಮ್ಮೆ ಜಾಲಿಮುಳ್ಳು, ಎರಡು ದಿನದ್ದು.
ಆಕಿ ಅದನ್ನ ಕೀಳೂವಾಗ "ಹಾ!" ಅಂತ ದನಿ ಬಂತು.
ಅಂದಾಕಿ ಆಕಿ.

ಈಗ ನಂದು ಡೆಪೋ ಗೇಟಿನ ಕೆಲಸ.
ಬಸ್ಸಿನ ನಂಬರು, ಹೊತ್ತು, ವಹಿಯಾಗ ಬರಿಯೂದು.
ಮೊನ್ನೆ ಮುಂಜಾನೆ ಐದೂವರಿ ಗಾಡಿ.
ಹೊಸಾ ಹುಡುಗ, ಗುರುಲಿಂಗ, ಕಿಡಿಕ್ಯಾಗಿಂದ ನಕ್ಕ.
ನಗಿ ಕೂಡ ಆ ವಾಸನಿ ಬಂತು,
ಏಲಕ್ಕಿ ಹಿಂದ ಅಡಗಿಸಿಟ್ಟದ್ದು.
ಅಡಗಿಸೂದು ನನಗ ಕಲಿಸಬ್ಯಾಡ.
ಗೇಟು ತಗೀಲಿಲ್ಲ.
ಏನೂ ಅನ್ನದ ಮೆಟ್ಟು ಬಿಚ್ಚಿ, ಸ್ಟೂಲಿನ ಮ್ಯಾಲ
ಸುಟ್ಟ ಅಂಗಾಲು ಇಟ್ಟೆ.
"ಸಕ್ಕರಿ ಏನಣ್ಣಾ?"
ಅಲ್ಲ, ಅಂದೆ.

ಆಂವ ಕಿಲ್ಲಿ ಕೊಟ್ಟು ಕೆಳಗ ಇಳದ.
ಎದುರಿಗೆ ಬಂದು ಬೈದು ಹೋದ, ಬೈಯಲಿ.
ಬಸ್ಸು ಇಪ್ಪತ್ತು ನಿಮಿಷ ತಡ ಆಗಿ
ಬ್ಯಾರೆಯವನ ಕೈಯಾಗ ಹೊಂಟಿತು.
ಒಂದನೇ ಗೇರು, ತಿರುವಿನಾಗ ಎರಡನೇದು.
ಕಿವಿಗೆ ಬಿದ್ದ ಕೂಡ್ಲೆ ಇಲ್ಲಿ ಕೂತಲ್ಲೇ
ನನ್ನ ಎಡಗಾಲು ಕ್ಲಚ್ಚು ಒತ್ತಿತು ಅನಸ್ತು.

ಒತ್ತಿತೋ ಇಲ್ಲೋ,
ಬಗ್ಗಿ ನೋಡಬೇಕಾತು.